ಒದ್ದೆ ಕಾರ್ಪೆಟ್‌ಗೆ ಬಾಚಣಿಗೆ

ಕಾರ್ಪೆಟ್ ತೊಳೆಯುವವರ ವ್ಯಾನ್ ಮನೆಯ ಮುಂದಿನಿಂದ ಹೊರಡುವ ಮೊದಲು, ಅಥವಾ ಹೊರಟ ಅರ್ಧ ತಾಸಿನೊಳಗೆ, ಮಾಡಿ ಮುಗಿಸಬೇಕಾದ ಕೆಲಸವೊಂದಿದೆ ಎಂಬುದು ಈ ದೇಶಕ್ಕೆ ಬಂದು ಎಷ್ಟೋ ವರ್ಷಗಳಾದರೂ ನನಗೆ ತಿಳಿದಿರಲಿಲ್ಲ. ಒಹಾಯೋ ರಾಜ್ಯದ ಕೊಲಂಬಸ್ ನಗರದ ಹೊರವಲಯದಲ್ಲಿರುವ ನಮ್ಮ ಮನೆಯಲ್ಲಿ ಅಡುಗೆಮನೆ ಮತ್ತು ಬಚ್ಚಲುಗಳನ್ನು ಬಿಟ್ಟರೆ ಉಳಿದೆಲ್ಲ ಕಡೆ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿದೆ. ಧಾರವಾಡದಲ್ಲಿ ಶಹಾಬಾದಿ ಫರಸಿಯ ಮೇಲೆ ಆಡಿ ಬೆಳೆದವರಿಗೆ ನೆಲವೆಂದರೆ ನೀರು ಹಾಕಿ ಒರೆಸಿದರೆ ತಾನಾಗಿ ಒಣಗುವ ವಸ್ತು. ಅದು ಒಣಗುವಾಗ ಅದರ ಮೈಯನ್ನು ಯಾರಾದರೂ ತಿದ್ದಿ ಕೊಡಬೇಕು ಎಂಬ ಯೋಚನೆ ಬರುವುದಾದರೂ ಹೇಗೆ?

ನಾಲ್ಕು ವರ್ಷಗಳ ಹಿಂದೆ ಮೊದಲ ಬಾರಿಗೆ ವೃತ್ತಿಪರರನ್ನು ಕರೆಸಿದಾಗ ಬಂದವರು ಇಬ್ಬರು ಹುಡುಗರು. ವ್ಯಾನಿನಲ್ಲಿದ್ದ ಯಂತ್ರದಿಂದ ಆನೆಯ ಸೊಂಡಿಲಿನಂಥ ಹೋಸ್ ಎಳೆದುಕೊಂಡು ಬಂದು, ಎರಡು ತಾಸು ಕೆಲಸ ಮಾಡಿ, ಆರೇಳು ತಾಸು ಹೆಚ್ಚು ಓಡಾಡಬೇಡಿ ಎಂದು ಹೇಳಿ, ಹಣ ತೆಗೆದುಕೊಂಡು ಹೋದರು. ಕೊಳೆ ಹೋಗಿತ್ತು, ಅದರಲ್ಲಿ ತಕರಾರಿಲ್ಲ. ಆದರೆ ಮರುದಿನ ಬೆಳಿಗ್ಗೆ ನೋಡಿದರೆ ಅವರ ಯಂತ್ರದ ಮೂತಿ ಎಳೆದ ಗುರುತುಗಳೆಲ್ಲ ಬೀಸಣಿಗೆಯ ಗೆರೆಗಳಂತೆ ಅಚ್ಚೊತ್ತಿ ಕುಳಿತಿದ್ದವು. ಮಲಗುವ ಕೋಣೆಗಳ ನಡುವಿನ ಓಣಿಯಲ್ಲಿ ಕಾರ್ಪೆಟ್ ಬಿಸಿಲಿಗೆ ತಂತಿಯ ಮೇಲೆ ಒಣಗಿ ಸೆಟೆದ ಟವೆಲಿನಂತೆ ಗರಗರ ಅನ್ನುತ್ತಿತ್ತು. ರಾತ್ರಿ ನೀರು ಕುಡಿಯಲು ಎದ್ದು ಬಂದ ಮಗಳ ಪಾದದ ಗುರುತು ಅಡುಗೆಮನೆಯ ಬಾಗಿಲವರೆಗೂ ಒಂದೊಂದಾಗಿ ಕಾಣಿಸುತ್ತಿತ್ತು. ಫೋನ್ ಮಾಡಿದಾಗ, ಎರಡು ಸಲ ವ್ಯಾಕ್ಯೂಮ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ಉತ್ತರ ಬಂತು. ಅರ್ಧ ಸರಿಹೋಯಿತು. ಓಣಿಯ ಜಡೆಗಟ್ಟಿದ ಪಟ್ಟೆ ಮಾತ್ರ ಹಾಗೆಯೇ ಉಳಿಯಿತು.

ಎರಡನೆಯ ಬಾರಿ ಬೇರೆಯವರನ್ನು ಕರೆಸಿದೆ. ಬಂದವರು ವಯಸ್ಸಾದ ಒಬ್ಬರೇ. ನೀರೆಳೆಯುವ ಕೆಲಸ ಮುಗಿದ ಮೇಲೆ ಅವರು ಹೋಸ್ ಸುತ್ತುವ ಬದಲು ವ್ಯಾನಿನಿಂದ ತೋಟದಲ್ಲಿ ಎಲೆ ಗುಡಿಸುವ ರೇಕ್ ಹೋಲುವ ಉದ್ದ ಹಿಡಿಕೆಯ ಸಾಧನವೊಂದನ್ನು ತಂದು, ಕೋಣೆಯ ಮೂಲೆಯಿಂದ ಆರಂಭಿಸಿ ಕಾರ್ಪೆಟ್ಟನ್ನು ಬಾಚತೊಡಗಿದರು. ಬಾಚತೊಡಗಿದರು ಎಂಬುದು ಅಲಂಕಾರದ ಮಾತಲ್ಲ. ಆ ಕೆಲಸಕ್ಕೆ ಕನ್ನಡದಲ್ಲಿ ಅದಕ್ಕಿಂತ ನೇರವಾದ ಕ್ರಿಯಾಪದ ನನಗೆ ಹೊಳೆಯುವುದಿಲ್ಲ. ಇದು ಚಂದಕ್ಕಾಗಿಯೇ ಎಂದು ಕೇಳಿದ್ದಕ್ಕೆ, ಒಣಗುವಾಗ ಹೇಗೆ ನಿಂತಿರುತ್ತದೋ ಮುಂದಿನ ಸಲ ತೊಳೆಯುವವರೆಗೂ ಹಾಗೆಯೇ ನಿಲ್ಲುತ್ತದೆ ಎಂದಷ್ಟೇ ಹೇಳಿ, ಮುಂದಿನ ಕೋಣೆಗೆ ಬಂದಾಗ ರೇಕನ್ನು ನನ್ನ ಕೈಗೆ ಕೊಟ್ಟರು. ಅಂದಿನಿಂದ ಈ ವಿಷಯದಲ್ಲಿ ನನ್ನ ಆಸಕ್ತಿ ಮನೆಯವರಿಗೆ ಬೇಸರ ತರಿಸುವಷ್ಟು ಬೆಳೆದಿದೆ.

ಕಾರ್ಪೆಟ್‌ನ ಮೇಲ್ಮೈಯಲ್ಲಿ ನೆಟ್ಟಗೆ ನಿಂತಿರುವ ನೂಲಿನ ಕುಚ್ಚುಗಳ ಪದರವನ್ನು ಇಲ್ಲಿ ಪೈಲ್ ಎನ್ನುತ್ತಾರೆ. ನಮ್ಮ ನವಲಗುಂದದ ಜಮಖಾನೆಗೆ ಪೈಲ್ ಇಲ್ಲ. ಅದು ಹಾಸು ಹೊಕ್ಕುಗಳ ಚಪ್ಪಟೆ ನೇಯ್ಗೆ, ಕೊಡವಿ ಮಗುಚಿ ಹಾಸಿದರೆ ಆಯಿತು, ಬಾಚುವ ಪ್ರಶ್ನೆಯೇ ಇಲ್ಲ. ಅಮೆರಿಕದ ಮನೆಗಳ ಕಾರ್ಪೆಟ್ ಬಹುಪಾಲು ಟಫ್ಟಿಂಗ್ ಎಂಬ ವಿಧಾನದಿಂದ ತಯಾರಾಗುತ್ತದೆ. ಸಾಲುಸಾಲಾಗಿ ನಿಂತ ನೂರಾರು ಸೂಜಿಗಳು ಆಧಾರದ ಬಟ್ಟೆಯೊಳಗೆ ನೂಲನ್ನು ಚುಚ್ಚಿ ಕುಣಿಕೆಗಳನ್ನು ಬಿಡುತ್ತವೆ. ಆ ಕುಣಿಕೆಗಳನ್ನು ಕೆಳಗಿನಿಂದ ಅಂಟು ಬಳಿದು ಹಿಡಿದಿಡುತ್ತಾರೆ. ಕುಣಿಕೆಯ ತುದಿಯನ್ನು ಕತ್ತರಿಸಿದರೆ ಮಖಮಲ್ಲಿನಂಥ ಕಟ್ ಪೈಲ್, ಕತ್ತರಿಸದೆ ಬಿಟ್ಟರೆ ಲೂಪ್ ಪೈಲ್. ಜಾರ್ಜಿಯಾ ರಾಜ್ಯದ ಡಾಲ್ಟನ್ ಎಂಬ ಊರು ಇಂದು ಈ ಉದ್ಯಮದ ರಾಜಧಾನಿಯಾಗಿರುವುದರ ಹಿಂದೆ, 1895ರಲ್ಲಿ ಕ್ಯಾಥರೀನ್ ಇವಾನ್ಸ್ ಎಂಬ ಹದಿಹರೆಯದ ಹುಡುಗಿ ಹಳೆಯ ಮಾದರಿಯೊಂದನ್ನು ನೋಡಿ ಕೈಯಿಂದಲೇ ಕುಚ್ಚು ಹಾಕಿ ಮಾಡಿದ ಒಂದು ಹಾಸಿಗೆ ಹೊದಿಕೆ ಇದೆ. ಮನೆಮನೆಯ ಹೆಂಗಸರ ಕೈಕೆಲಸವಾಗಿ ಹರಡಿದ ಅದು ಮುಂದೆ ಯಂತ್ರಕ್ಕೆ ಏರಿ, ಹೊದಿಕೆಯಿಂದ ನೆಲಕ್ಕೆ ಇಳಿಯಿತು.

ಬಾಚುವವರು ತಿಳಿದಿರಬೇಕಾದ ಸಂಗತಿಗಳು ಎರಡು. ಒಂದು, ಪ್ರತಿಯೊಂದು ಕುಚ್ಚೂ ಎರಡು ಅಥವಾ ಹೆಚ್ಚು ಎಳೆಗಳನ್ನು ಹುರಿಗೊಳಿಸಿ, ಕಾರ್ಖಾನೆಯಲ್ಲಿ ಬಿಸಿ ಕೊಟ್ಟು ಆ ಹುರಿಯನ್ನು ಸ್ಥಿರಗೊಳಿಸಿದ ನೂಲಿನ ತುಂಡು. ಇನ್ನೊಂದು, ಈ ಕುಚ್ಚುಗಳೆಲ್ಲ ಪೂರ್ತಿ ನೆಟ್ಟಗೆ ನಿಲ್ಲುವುದಿಲ್ಲ, ಗಾಳಿಗೆ ಬಾಗಿದ ಜೋಳದ ಹೊಲದಂತೆ ಒಂದೇ ಕಡೆಗೆ ತುಸು ಒಲೆದಿರುತ್ತವೆ. ಅಂಗೈಯಿಂದ ಒಂದು ದಿಕ್ಕಿಗೆ ಸವರಿದರೆ ನುಣುಪಾಗಿ, ಬಣ್ಣ ತಿಳಿಯಾಗಿ ಕಾಣುತ್ತದೆ. ಎದುರು ದಿಕ್ಕಿಗೆ ಸವರಿದರೆ ಕೈಗೆ ತಡೆಯುತ್ತದೆ, ಬಣ್ಣ ಗಾಢವಾಗುತ್ತದೆ. ಕೈಗೆ ಗೊತ್ತಾಗದಿದ್ದರೆ ಕಾರ್ಪೆಟ್ ಮೇಲೆ ಒಂದು ಹಾಳೆ ಇಟ್ಟು, ಅದರ ಮೇಲೆ ಪೆನ್ಸಿಲ್ ಇಟ್ಟು, ಅಂಗೈಯಿಂದ ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತಾ ಹೋದರೆ ಹಾಳೆಯೂ ಪೆನ್ಸಿಲೂ ಮೆಲ್ಲಗೆ ಒಂದು ಕಡೆಗೆ ಸರಿಯುತ್ತವೆ. ಎಳೆಗಳು ಒಲೆದಿರುವುದು ಆ ಕಡೆಗೆ. ಮಗಳು ಇದನ್ನು ಮಾಟವೆಂದೇ ನಂಬಿ ಮನೆಗೆ ಬಂದವರಿಗೆಲ್ಲ ಮಾಡಿ ತೋರಿಸುತ್ತಿದ್ದಳು.

ಇನ್ನು ತೊಳೆಯುವಾಗ ಆಗುವುದೇನು? ಮೊದಲು ಕ್ಷಾರಗುಣದ ದ್ರಾವಣವನ್ನು ಸಿಂಪಡಿಸಿ ಹತ್ತು ಹದಿನೈದು ನಿಮಿಷ ನೆನೆಯಲು ಬಿಡುತ್ತಾರೆ. ಆಮೇಲೆ ವ್ಯಾಂಡ್ ಎಂಬ ಬಾಗಿದ ಉಕ್ಕಿನ ಕೊಳವೆಯನ್ನು ತಮ್ಮ ಕಡೆಗೆ ಎಳೆಯುತ್ತಾ ಬಿಸಿನೀರನ್ನು ಒತ್ತಡದಲ್ಲಿ ಬಿಡುತ್ತಾರೆ. ಬಿಟ್ಟ ಮರುಕ್ಷಣವೇ ಅದೇ ಮೂತಿ ಕೊಳೆ ಸಮೇತ ನೀರನ್ನು ಹೀರಿಕೊಳ್ಳುತ್ತದೆ. ಒಳ್ಳೆಯ ಕೆಲಸಗಾರರು ನೀರು ಬಿಟ್ಟು ಎಳೆದ ಪ್ರತಿ ಪಟ್ಟೆಯ ಮೇಲೆಯೂ ನೀರು ಬಿಡದೆ ಒಂದೆರಡು ಸಲ ಹೀರುವುದನ್ನಷ್ಟೇ ಮಾಡುತ್ತಾರೆ. ಒಣಗಲು ನಾಲ್ಕು ತಾಸು ಬೇಕೋ ಹದಿನಾಲ್ಕು ತಾಸು ಬೇಕೋ ಎಂಬುದು ಬಹುಮಟ್ಟಿಗೆ ಇಲ್ಲಿಯೇ ನಿರ್ಧಾರವಾಗುತ್ತದೆ. ಇಷ್ಟೆಲ್ಲ ಎಳೆದಾಟದಲ್ಲಿ ಕುಚ್ಚುಗಳು ಒಂದು ಪಟ್ಟೆಯಲ್ಲಿ ಈ ಕಡೆ, ಪಕ್ಕದ ಪಟ್ಟೆಯಲ್ಲಿ ಆ ಕಡೆ ಮಲಗುತ್ತವೆ, ನೀರಿನ ಭಾರಕ್ಕೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಮಲಗಿದ ಎಳೆ ಮಲಗಿದಂತೆಯೇ ಒಣಗುವುದಕ್ಕೆ ಕಾರಣ ಎಳೆಯ ಗುಣದಲ್ಲಿದೆ. ನಮ್ಮ ಮನೆಯ ಮೇಲಿನ ಎರಡು ಅಂತಸ್ತುಗಳ ಕಾರ್ಪೆಟ್ ನೈಲಾನಿನದು. ಒಣಗಿದ ನೈಲಾನ್ ಸುಮಾರು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತನ್ನ ಬಿಗಿತವನ್ನು ಸಡಿಲಿಸತೊಡಗುತ್ತದೆ. ನೀರು ಹೀರಿದ ನೈಲಾನಿನಲ್ಲಿ ಈ ಮಿತಿ ಅದಕ್ಕಿಂತ ಬಹಳ ಕೆಳಗೆ ಇಳಿಯುತ್ತದೆ. ಅಂದರೆ ಬಿಸಿನೀರು ಹಾಯಿಸಿದ ಕಾರ್ಪೆಟ್‌ನ ಎಳೆಗಳು ಕೆಲವು ತಾಸುಗಳ ಕಾಲ ಬಾಗಿಸಿದತ್ತ ಬಾಗುವ ಸ್ಥಿತಿಯಲ್ಲಿರುತ್ತವೆ, ತಣಿದು ಒಣಗಿದಂತೆಲ್ಲ ಮತ್ತೆ ಬಿಗಿಯಾಗುತ್ತವೆ, ಬಿಗಿಯಾಗುವಾಗ ಇದ್ದ ಭಂಗಿಯನ್ನೇ ಉಳಿಸಿಕೊಳ್ಳುತ್ತವೆ. ಇಸ್ತ್ರಿ ಮಾಡುವ ಮೊದಲು ಬಟ್ಟೆಗೆ ನೀರು ಚಿಮುಕಿಸುವುದರ ಹಿಂದಿರುವುದೂ ಇದೇ ಸೂತ್ರ. ಪಾಲಿಯೆಸ್ಟರ್ ಹೆಚ್ಚುಕಡಿಮೆ ನೀರನ್ನೇ ಹೀರುವುದಿಲ್ಲವಾದ್ದರಿಂದ ನೀರಿನಿಂದ ಅಷ್ಟಾಗಿ ಮೆತ್ತಗಾಗುವುದೂ ಇಲ್ಲ. ಒಮ್ಮೆ ಓಡಾಟಕ್ಕೆ ಚಪ್ಪಟೆಯಾದ ಪಾಲಿಯೆಸ್ಟರ್ ಕಾರ್ಪೆಟ್ ನೈಲಾನಿನಷ್ಟು ಸುಲಭವಾಗಿ ಏಳುವುದಿಲ್ಲ ಎಂದು ಈ ಕೆಲಸದವರು ದೂರುವುದಕ್ಕೆ ಇದೂ ಒಂದು ಕಾರಣ.

ಕಳೆದ ಬೇಸಿಗೆಯಲ್ಲಿ ಅವ್ವ ಇಲ್ಲಿದ್ದಾಗ ಕಾರ್ಪೆಟ್ ತೊಳೆಸುವ ಸರದಿ ಬಂತು. ಬಹಳಷ್ಟು ಕಾರ್ಪೆಟ್ ತಯಾರಕರು ಖಾತರಿ ಉಳಿಯಬೇಕಾದರೆ 12ರಿಂದ 18 ತಿಂಗಳಿಗೊಮ್ಮೆ ಬಿಸಿನೀರಿನಿಂದ ತೊಳೆಸಿ ರಸೀದಿ ಇಟ್ಟುಕೊಳ್ಳಬೇಕೆಂದು ಕೇಳುತ್ತಾರೆ. ಆ ಭಯಕ್ಕಾದರೂ ನಾನು ತಪ್ಪಿಸುವುದಿಲ್ಲ. ಈಗ ಸ್ವಂತ ರೇಕ್ ಇದೆ. ನಾನು ಅದನ್ನು ಹಿಡಿದು ಒದ್ದೆ ಕಾರ್ಪೆಟ್‌ಗೆ ಇಳಿದದ್ದನ್ನು ನೋಡಿ ಮೆಟ್ಟಿಲ ಮೇಲೆ ಕುಳಿತಿದ್ದ ಅವ್ವ, “ಒದ್ದಿ ತಲಿಗೆ ಹಣಿಗಿ ಹಾಕಬಾರ್ದು ಅಂತ ಎಷ್ಟ್ ಸಲ ಹೇಳೇನಿ ನಿನಗ? ಮೊದಲ ಕೈಲೆ ಸಿಕ್ಕ ಬಿಡಸಬೇಕು, ಆರಿದ ಮ್ಯಾಲೆ ಹಣಿಗಿ” ಎಂದಳು. ಇದು ನೈಲಾನ್ ಅವ್ವಾ, ಇದಕ್ಕೆ ಒದ್ದೆಯಿದ್ದಾಗಲೇ ಬಾಚಬೇಕು ಎಂದು ನಾನು ವಾದಿಸಿದೆ. ಆಕೆಗೆ ಒಪ್ಪಿಗೆಯಾಗಲಿಲ್ಲ. ಆಕೆಯ ಮಾತು ಎಲ್ಲಿ ಸರಿ, ಎಲ್ಲಿ ಅಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ನನ್ನ ರೇಕ್‌ನ ತಲೆ ಒಂದೂವರೆ ಅಡಿ ಅಗಲವಾಗಿದೆ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ, ತುದಿ ಮೊಂಡಾದ ಗಟ್ಟಿ ಪ್ಲಾಸ್ಟಿಕ್ ಹಲ್ಲುಗಳಿವೆ. ಹಿಡಿಕೆ ನನ್ನ ಭುಜದವರೆಗೆ ಬರುತ್ತದೆ. ತೋಟದ ರೇಕ್‌ನಿಂದ ಈ ಕೆಲಸ ಮಾಡಲು ಹೋಗಬಾರದು. ಅದರ ತಗಡಿನ ಹಲ್ಲುಗಳಿಗೆ ಚೂಪಾದ ಅಂಚುಗಳಿರುತ್ತವೆ, ತುಕ್ಕಿದ್ದರೆ ಒದ್ದೆ ನೂಲಿಗೆ ಕಲೆಯೂ ಹತ್ತುತ್ತದೆ. ಬಾಚುವವರು ಸ್ವಚ್ಛವಾದ ಬಿಳಿ ಕಾಲುಚೀಲವನ್ನೋ ಶೂ ಮೇಲಿನ ಕವರನ್ನೋ ಹಾಕಿಕೊಳ್ಳಬೇಕು. ಒದ್ದೆ ಕಾರ್ಪೆಟ್‌ನಿಂದ ಟೈಲ್ಸ್ ಮೇಲೆ ಕಾಲಿಟ್ಟ ಕೂಡಲೇ ಜಾರುತ್ತದೆ, ಎಚ್ಚರ. ನಾನು ಜಾರಿದ್ದೇನೆ.

ಬಾಗಿಲಿಗೆ ದೂರದ ಮೂಲೆಯಿಂದ ಆರಂಭಿಸಿ ಹಿಂದೆ ಹಿಂದೆ ಸರಿಯುತ್ತಾ ಬರುವುದು ಕ್ರಮ. ಸೆಗಣಿಯಿಂದ ನೆಲ ಸಾರಿಸುವವರು ಹೇಗೆ ತಮ್ಮ ಹೆಜ್ಜೆಯನ್ನು ತಾವೇ ಅಳಿಸುತ್ತಾ ಹೊಸ್ತಿಲಿನತ್ತ ಬರುತ್ತಾರೋ ಹಾಗೆ. ಮೊದಲ ಸುತ್ತಿನಲ್ಲಿ ಎಳೆಗಳ ಒಲವಿಗೆ ಎದುರಾಗಿ ಗಿಡ್ಡ ಗಿಡ್ಡ ಎಳೆತಗಳು: ಒಂದು ತೋಳಿನಳತೆಯಷ್ಟು ಮಾತ್ರ ಎಳೆದು, ರೇಕನ್ನು ಎತ್ತಿ, ಮತ್ತೆ ಮುಂದಿಟ್ಟು ಎಳೆಯಬೇಕು. ಹೀಗೆ ಎಳೆಯುವಾಗ ಒಂದಕ್ಕೊಂದು ಅಂಟಿ ಮಲಗಿದ್ದ ಕುಚ್ಚುಗಳು ಬಿಡಿಬಿಡಿಯಾಗಿ ಎದ್ದು ನಿಲ್ಲುವುದು ಕಣ್ಣಿಗೆ ಕಾಣಿಸುತ್ತದೆ. ಹತ್ತಿರದಿಂದ ಬಗ್ಗಿ ನೋಡಿದರೆ ಪ್ರತಿ ಹಲ್ಲಿನ ಹಿಂದೆಯೂ ಬೈತಲೆಯಂಥ ಸಣ್ಣ ಗೆರೆ ಬಿಟ್ಟು, ಎರಡು ಉಸಿರಿನಲ್ಲಿ ಎರಡೂ ಕಡೆಯ ಎಳೆಗಳು ಆ ಗೆರೆಯನ್ನು ಮುಚ್ಚಿಬಿಡುತ್ತವೆ. ಗೆರೆ ಮುಚ್ಚದೆ ಹಾಗೆಯೇ ಬಾಯಿ ಬಿಟ್ಟು ನಿಂತರೆ ಅಲ್ಲಿ ಇನ್ನೂ ನೀರು ಹೆಚ್ಚಾಗಿದೆ ಎಂದು ತಿಳಿಯಬೇಕು; ಅಂಥಲ್ಲಿ ನಾನು ಹಳೆಯ ಟವೆಲ್ ಹಾಸಿ, ಅದರ ಮೇಲೆ ನಿಂತು, ನೀರು ಹೀರಿಸಿಕೊಂಡು ಮತ್ತೆ ಬಾಚುತ್ತೇನೆ. ಎರಡನೆಯ ಸುತ್ತಿನಲ್ಲಿ ಒಲವಿನ ದಿಕ್ಕಿಗೇ ಉದ್ದನೆಯ, ಹಗುರವಾದ ಎಳೆತಗಳು ಸಾಕು.

ಭಾರ ಹಾಕಬಾರದು. ರೇಕ್‌ನ ತೂಕವೇ ಸಾಕು, ಹಲ್ಲುಗಳು ಕೆಳಗಿನ ಆಧಾರಬಟ್ಟೆಯನ್ನು ಕೆರೆಯುವ ಸದ್ದು ಬಂದರೆ ಕೈ ಹೆಚ್ಚು ಒತ್ತುತ್ತಿದೆ ಎಂದು ಅರ್ಥ. ಓಡಾಟ ಹೆಚ್ಚಿರುವ ಓಣಿಯಲ್ಲಿ, ಸೋಫಾದ ಮುಂದೆ, ಮಂಚದಿಂದ ಇಳಿದು ಕಾಲಿಡುವ ಜಾಗದಲ್ಲಿ ಮಾತ್ರ ಉದ್ದಕ್ಕೂ ಅಡ್ಡಕ್ಕೂ ಎರಡೆರಡು ಸಲ ಬಾಚಬೇಕಾಗುತ್ತದೆ. ಅಲ್ಲಿ ಕುಚ್ಚಿನ ತುದಿಗಳ ಹುರಿ ಬಿಚ್ಚಿಕೊಂಡು ಅಕ್ಕಪಕ್ಕದವು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಅದನ್ನು ತಲೆಕೂದಲಿನ ಸಿಕ್ಕಿನಂತೆ ಸ್ವಲ್ಪ ಸ್ವಲ್ಪವಾಗಿ ಬಿಡಿಸಬೇಕೇ ಹೊರತು ಒಂದೇ ಸಲ ಎಳೆಯಬಾರದು. ಹೀಗೆ ಬಿಡಿಸುವಾಗ ರೇಕ್‌ನ ಹಲ್ಲಿಗೆ ಸುತ್ತಿ ಬರುವ ಕಸವೇ ಒಂದು ಪಾಠ: ವಾರಕ್ಕೆರಡು ಸಲ ವ್ಯಾಕ್ಯೂಮ್ ಮಾಡಿಯೂ ಒಳಗೆ ಉಳಿದ ಉದ್ದನೆಯ ಕೂದಲು, ಬಳೆಯ ಚೂರು, ಒಮ್ಮೆಯಂತೂ ಮೂರು ವರ್ಷದ ಹಿಂದಿನ ದೀಪಾವಳಿಯ ರಂಗೋಲಿಯಿಂದ ಉಳಿದಿರಬಹುದಾದ ಕೆಂಪು ಪುಡಿಯ ಗಂಟು.

ಮುಗಿದ ಮೇಲೆ ಕೋಣೆಯಲ್ಲಿ ತಿಳಿ ಪಟ್ಟೆ, ಗಾಢ ಪಟ್ಟೆಗಳು ಮೂಡುತ್ತವೆ. ಕ್ರಿಕೆಟ್ ಮೈದಾನದ ಹುಲ್ಲಿನ ಮೇಲೆ ಟಿವಿಯಲ್ಲಿ ಕಾಣುವ ಪಟ್ಟೆಗಳಿಗೂ ಇದಕ್ಕೂ ಕಾರಣ ಒಂದೇ: ನಮ್ಮಿಂದ ಆಚೆಗೆ ಬಾಗಿದ ಎಳೆಯ ಪಕ್ಕದ ಮೈ ಬೆಳಕನ್ನು ಹೆಚ್ಚು ಹಿಂದಿರುಗಿಸುತ್ತದೆ, ನಮ್ಮ ಕಡೆಗೆ ಬಾಗಿದ ಎಳೆಯ ತುದಿಯ ಸಂದುಗಳಲ್ಲಿ ಬೆಳಕು ಹೂತುಹೋಗುತ್ತದೆ. ಕೆಲವು ಕಂಪನಿಗಳವರು ಬೇಕೆಂದೇ ಒಂದು ಪಟ್ಟೆ ಆಕಡೆ ಒಂದು ಪಟ್ಟೆ ಈಕಡೆ ಬಾಚಿ, ಫೋಟೊ ತೆಗೆದು, ಇದೇ ತಮ್ಮ ಕೆಲಸದ ಗುರುತು ಎಂಬಂತೆ ತೋರಿಸುತ್ತಾರೆ. ನನಗೆ ಅದು ಶೋಕಿ ಎನ್ನಿಸುತ್ತದೆ. ಅರ್ಧದಷ್ಟು ಎಳೆಗಳನ್ನು ಅವುಗಳ ಒಲವಿಗೆ ಎದುರಾಗಿ ಒಣಗಲು ಬಿಟ್ಟಂತೆಯೇ ಆಯಿತಲ್ಲ. ಎಲ್ಲವೂ ಒಂದೇ ಕಡೆಗೆ ಒರಗಿ ಒಣಗಿದ ಕೋಣೆ ಫೋಟೊದಲ್ಲಿ ಸಪ್ಪೆಯಾಗಿ ಕಂಡರೂ ಆರು ತಿಂಗಳ ಮೇಲೂ ಸಮನಾಗಿ ಕಾಣುತ್ತದೆ.

ಕಲೆ ತಡೆಯುವ ರಾಸಾಯನಿಕವನ್ನು ಕೊನೆಯಲ್ಲಿ ಸಿಂಪಡಿಸಿಕೊಳ್ಳುವವರಿಗೆ ಬಾಚುವುದು ಇನ್ನೂ ಮುಖ್ಯ. ಸಿಂಪಡಿಸಿದ್ದು ಕುಚ್ಚಿನ ತುದಿಯ ಮೇಲಷ್ಟೇ ಕೂರುತ್ತದೆ. ಬಾಚಿದಾಗಲೇ ಅದು ಎಳೆಯ ಪಕ್ಕಗಳಿಗೂ ಇಳಿಯುವುದು. ಹೆಚ್ಚಿನ ಹಣ ತೆಗೆದುಕೊಂಡು ಸಿಂಪಡಿಸಿ, ಬಾಚದೆ ಹೋದರೆ ಅರ್ಧ ಕೆಲಸಕ್ಕೆ ಪೂರ್ತಿ ಕೂಲಿ ಕೊಟ್ಟಂತೆ.

ಈಗ ನನ್ನ ತಪ್ಪಿನ ಕಥೆ. ರೇಕ್ ಕೊಂಡ ಹೊಸ ಹುರುಪಿನಲ್ಲಿ ಬೇಸ್‌ಮೆಂಟಿನ ಕಾರ್ಪೆಟ್ಟನ್ನೂ ಬಾಚಲು ಹೋದೆ. ಅಲ್ಲಿರುವುದು ಬರ್ಬರ್ ಎಂದು ಇಲ್ಲಿ ಕರೆಯುವ ಲೂಪ್ ಪೈಲ್, ಕತ್ತರಿಸದ ಕುಣಿಕೆಗಳದ್ದು. ನಾಲ್ಕನೆಯ ಎಳೆತಕ್ಕೆ ರೇಕ್‌ನ ಒಂದು ಹಲ್ಲು ಕುಣಿಕೆಯೊಳಗೆ ಸಿಕ್ಕಿಕೊಂಡಿತು. ತಡೆಯಿತೆಂದು ನಾನು ಇನ್ನಷ್ಟು ಜೋರಾಗಿ ಎಳೆದೆ. ಅಕ್ಕಿಯ ಚೀಲದ ಬಾಯಿ ಹೊಲಿದ ದಾರದ ಸರಿಯಾದ ತುದಿ ಸಿಕ್ಕಾಗ ಇಡೀ ಹೊಲಿಗೆ ಸರ್ರನೆ ಬಿಚ್ಚಿಕೊಳ್ಳುತ್ತದಲ್ಲ, ಥೇಟ್ ಹಾಗೆಯೇ, ಒಂದು ಗೇಣಿನಷ್ಟು ಸಾಲು ಕಣ್ಣೆದುರಿಗೇ ಕಿತ್ತು ಬಂತು. ಟಫ್ಟಿಂಗ್‌ನಲ್ಲಿ ಒಂದು ಸೂಜಿಯ ನೂಲು ಸಾಲಿನ ಉದ್ದಕ್ಕೂ ತುಂಡಾಗದೆ ಹರಿಯುತ್ತದೆ ಎಂಬುದು ಕಟ್ ಪೈಲ್‌ನಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಪ್ರತಿ ಕುಣಿಕೆಯನ್ನೂ ಕತ್ತರಿಸಿರುತ್ತಾರೆ. ಲೂಪ್ ಪೈಲ್‌ನಲ್ಲಿ ಅದೇ ಸರ್ವಸ್ವ. ಕಿತ್ತು ಬಂದ ನೂಲನ್ನು ಎಳೆಯದೆ, ಉಳಿದ ಕುಣಿಕೆಗಳ ಮಟ್ಟಕ್ಕೆ ಕತ್ತರಿಯಿಂದ ಕತ್ತರಿಸಿ, ಬೋಳಾದ ಸಾಲಿಗೆ ಕಾರ್ಪೆಟ್ ಅಂಟು ಹಾಕಿ, ಅದೇ ನೂಲನ್ನು ಕಡ್ಡಿಯ ಸಹಾಯದಿಂದ ಕುಣಿಕೆ ಕುಣಿಕೆಯಾಗಿ ಕೂರಿಸಿದೆ. ಗೊತ್ತಿದ್ದವರ ಕಣ್ಣಿಗೆ ಈಗಲೂ ಕಾಣುತ್ತದೆ. ಈಗ ಅದರ ಮೇಲೆ ಕಾಲೊರೆಸು ಹಾಸಿದ್ದೇವೆ. ಲೂಪ್ ಪೈಲ್‌ಗೆ ರೇಕ್ ಬೇಡ. ತೊಳೆದ ಮೇಲೆ ಅದು ತುಸು ಒರಟಾಗಿ ಕಂಡರೆ ಮೆತ್ತನೆಯ ಬ್ರಷ್‌ನಿಂದ ಮೇಲೆ ಮೇಲೆ ಸವರಿದರೆ ಸಾಕು.

ಅವ್ವನ ಮಾತು ಸರಿಯಾಗುವುದು ಉಣ್ಣೆಯ ವಿಷಯದಲ್ಲಿ. ನಮ್ಮ ಊಟದ ಮೇಜಿನ ಕೆಳಗೆ ಉತ್ತರ ಪ್ರದೇಶದ ಭದೋಹಿಯ ಕೈಗಂಟಿನ ರತ್ನಗಂಬಳಿಯೊಂದಿದೆ. ಉಣ್ಣೆಯೂ ತಲೆಗೂದಲೂ ಒಂದೇ ಬಗೆಯ ಪ್ರೋಟೀನು, ಕೆರಾಟಿನ್. ಕೂದಲಿನಂತೆಯೇ ಉಣ್ಣೆಯ ಎಳೆಯ ಮೇಲೂ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಹುರುಪೆಗಳಿರುತ್ತವೆ. ಒದ್ದೆಯಾದಾಗ ಎಳೆ ಉಬ್ಬುತ್ತದೆ, ಆಗ ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಪಕ್ಕದ ಎಳೆಗಳ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡು ಬಿಡಿಸಲಾಗದಂತೆ ಮುದ್ದೆಗಟ್ಟುತ್ತವೆ. ಉಣ್ಣೆಯ ಸ್ವೆಟರನ್ನು ಮಷೀನಿಗೆ ಹಾಕಿ ಹಾಳು ಮಾಡಿಕೊಳ್ಳುವುದಕ್ಕೆ ಮೂಲ ಈ ಗುಣವೇ. ಆದ್ದರಿಂದ ಉಣ್ಣೆಯ ಪೈಲ್‌ಗೆ ಗಟ್ಟಿ ಹಲ್ಲಿನ ರೇಕ್ ಹಾಕಬಾರದು, ಎದುರು ದಿಕ್ಕಿಗೆ ಎಳೆಯಬಾರದು. ತೇವವಿರುವಾಗ ಮೆತ್ತನೆಯ ಬ್ರಷ್‌ನಿಂದಲೋ ಅಂಗೈಯಿಂದಲೋ ಒಲವಿನ ದಿಕ್ಕಿಗೆ ಮಾತ್ರ ಸವರಿ, ಪೂರ್ತಿ ಆರಿದ ಮೇಲೆ ಬೇಕಿದ್ದರೆ ಇನ್ನೊಮ್ಮೆ ಸವರಬೇಕು. ಕೈಗಂಟಿನ ಕಂಬಳಿಯಲ್ಲಿ ಒಲವು ಇರುವುದು ನೇಯ್ಗೆ ಆರಂಭವಾದ ಅಂಚಿನ ಕಡೆಗೆ, ಏಕೆಂದರೆ ಗಂಟು ಹಾಕಿದವರು ಪ್ರತಿ ಗಂಟನ್ನೂ ಕೆಳಮುಖವಾಗಿ ಎಳೆದು ಬಿಗಿದಿರುತ್ತಾರೆ. ಆರಿದೆ ಎಂದು ನಿರ್ಧರಿಸುವಾಗಲೂ ಆತುರ ಸಲ್ಲದು: ಉಣ್ಣೆ ತನ್ನ ತೂಕದ ಸುಮಾರು ಶೇ 30ರಷ್ಟು ನೀರಿನಾವಿಯನ್ನು ಒಳಗಿಟ್ಟುಕೊಂಡೂ ಮುಟ್ಟಿದರೆ ಒದ್ದೆ ಎನ್ನಿಸದು.

ರೇಷ್ಮೆಯಂತೆ ಹೊಳೆಯುವ ವಿಸ್ಕೋಸ್ ಕಂಬಳಿಗಳಿದ್ದವರಿಗೆ ಒಂದೇ ಮಾತು. ವಿಸ್ಕೋಸ್ ಒದ್ದೆಯಾದಾಗ ತನ್ನ ಬಲದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಕಳೆದುಕೊಳ್ಳುತ್ತದೆ. ಅದನ್ನು ಮನೆಯಲ್ಲಿ ಒದ್ದೆ ಮಾಡಲೂ ಬೇಡಿ, ಬಾಚಲೂ ಬೇಡಿ, ತಿಳಿದವರ ಕೈಗೆ ಒಪ್ಪಿಸಿ.

ಬಾಚಿದ ಕಾರ್ಪೆಟ್ ಬೇಗ ಒಣಗುತ್ತದೆ ಎಂಬುದನ್ನು ನಾನು ಗಮನಿಸಿದ್ದೇನೆ. ನಿಂತ ಎಳೆಗಳ ನಡುವೆ ಗಾಳಿ ಆಡುತ್ತದೆ, ಮಲಗಿದ ಎಳೆಗಳು ತಮ್ಮ ಕೆಳಗಿನ ತೇವವನ್ನು ಮುಚ್ಚಿಕೊಂಡಿರುತ್ತವೆ. ಆದರೂ ಗಾಳಿಯ ಕೆಲಸವನ್ನು ರೇಕ್ ಮಾಡಲಾರದು. ಕಾರ್ಪೆಟ್ ಒದ್ದೆಯಾದ ಕೂಡಲೇ ಕಿಟಕಿಗಳನ್ನೆಲ್ಲ ತೆರೆಯಬೇಕೆಂಬುದು ನಮ್ಮ ಕಡೆಯ ಬುದ್ಧಿ, ಅವ್ವನೂ ತೆರೆದಳು. ಒಹಾಯೋದ ಜುಲೈ ತಿಂಗಳ ಗಾಳಿ ಮಂಗಳೂರಿನ ಗಾಳಿಯಂತೆ ತೇವ ತುಂಬಿರುತ್ತದೆ. ಅದನ್ನು ಒಳಗೆ ಬಿಟ್ಟರೆ ಒಣಗುವುದು ತಡವಾಗುತ್ತದೆಯೇ ಹೊರತು ಬೇಗ ಆಗುವುದಿಲ್ಲ. ಬೇಸಿಗೆಯಲ್ಲಿ ಕಿಟಕಿ ಮುಚ್ಚಿ ಎಸಿ ಹಾಕಬೇಕು, ಚಳಿಗಾಲದಲ್ಲಿ ಹೀಟರ್ ಹಾಕಬೇಕು, ಎರಡರಲ್ಲೂ ಫ್ಯಾನ್ ತಿರುಗುತ್ತಿರಬೇಕು. ಸಾಮಾನ್ಯವಾಗಿ 6ರಿಂದ 12 ತಾಸು ಹಿಡಿಯುತ್ತದೆ. 24 ತಾಸು ದಾಟಿಯೂ ತೇವವಿದ್ದರೆ ನೀರನ್ನು ಸರಿಯಾಗಿ ಹೀರಿಲ್ಲ ಎಂದು ಅವರನ್ನು ವಾಪಸ್ ಕರೆಸುವುದೇ ಸರಿ. ಒಂದೆರಡು ದಿನ ಒದ್ದೆಯಾಗಿಯೇ ಉಳಿದದ್ದರಲ್ಲಿ ಬೂಷ್ಟು ಹಿಡಿಯುವ ಅಪಾಯವಿದೆ.

ಒಣಗುವ ಮೊದಲೇ ಸಾಮಾನು ಇಡಲೇಬೇಕಾದರೆ ಪ್ರತಿ ಕಾಲಿನ ಕೆಳಗೂ ಅಲ್ಯೂಮಿನಿಯಂ ಹಾಳೆಯನ್ನೋ ಥರ್ಮಕೋಲ್ ತುಂಡನ್ನೋ ಇಡಬೇಕು. ಕಬ್ಬಿಣದ ಮೊಳೆಯ ತುಕ್ಕು, ಮರಕ್ಕೆ ಬಳಿದ ಬಣ್ಣ ಇವೆರಡೂ ಒದ್ದೆ ನೂಲಿಗೆ ಇಳಿದರೆ ಯಾವ ಬಾಚಣಿಗೆಯೂ ತೆಗೆಯಲಾರದು. ಹಳೆಯ ಸೋಫಾದ ಕಾಲು ಒತ್ತಿ ಬಿದ್ದ ಗುಳಿಗಳಿಗೆ ಮಾತ್ರ ತೊಳೆದ ದಿನವೇ ಒಳ್ಳೆಯ ಮುಹೂರ್ತ: ನೂಲು ಮೆತ್ತಗಿರುವಾಗಲೇ ಚಮಚದ ಅಂಚಿನಿಂದ ಸುತ್ತಲೂ ಎಬ್ಬಿಸಿ ಆಮೇಲೆ ರೇಕ್ ಆಡಿಸಿದರೆ ಬಹುಪಾಲು ಮೇಲೇಳುತ್ತದೆ. ಮೆಟ್ಟಿಲುಗಳಿಗೆ ಉದ್ದ ಹಿಡಿಕೆ ಆಗಿಬರುವುದಿಲ್ಲ. ಮೊಣಕಾಲೂರಿ ಕೈಬ್ರಷ್‌ನಿಂದಲೇ ಮಾಡಬೇಕು, ಮೇಲಿನಿಂದ ಕೆಳಕ್ಕೆ.

ಬಾಚುವುದರಿಂದ ಆಗದಿರುವುದನ್ನೂ ಹೇಳಿಬಿಡಬೇಕು. ನಮ್ಮ ಓಣಿಯ ಪಟ್ಟೆ ಈಗಲೂ ಪೂರ್ತಿ ಹೋಗಿಲ್ಲ. ಅಲ್ಲಿನ ಕುಚ್ಚುಗಳ ಹುರಿ ಬಿಚ್ಚಿಹೋಗಿದೆ. ಕಾರ್ಖಾನೆಯಲ್ಲಿ ನೂರಕ್ಕೂ ಹೆಚ್ಚು ಡಿಗ್ರಿಯ ಬಿಸಿಯಲ್ಲಿ ಕೂರಿಸಿದ ಹುರಿಯನ್ನು ಪ್ಲಾಸ್ಟಿಕ್ ರೇಕ್ ಮರಳಿ ತರಲಾರದು. ಎದ್ದು ನಿಲ್ಲುತ್ತವೆ, ಆದರೆ ಮೂರು ವಾರಕ್ಕೆ ಮತ್ತೆ ಕುಸಿಯುತ್ತವೆ. ಶೂಗಳ ಮರಳು ಎಳೆಗಳ ಮೈಯನ್ನು ಗೀರಿ ಮಂಕಾಗಿಸಿದ್ದರೆ ಆ ಮಂಕೂ ಬಾಚಿದ್ದಕ್ಕೆ ಹೋಗುವುದಿಲ್ಲ. ತೊಳೆದ ಮರುದಿನ ಎದ್ದು ಕಾಣುವ ಕಂದು ಕಲೆ ತಳದಿಂದ ನೀರಿನ ಜೊತೆ ಮೇಲೇರಿ ಬಂದದ್ದು. ಅದಕ್ಕೆ ತೊಳೆದವರನ್ನೇ ಮತ್ತೆ ಕರೆಸಬೇಕು. ಈಗ ನಾನು ಯಾರನ್ನು ಗೊತ್ತುಮಾಡುವಾಗಲೂ ದರ ಕೇಳುವ ಮೊದಲು, ಕೊನೆಯಲ್ಲಿ ಪೈಲ್ ಬಾಚಿಕೊಡುತ್ತೀರಾ, ಅದಕ್ಕೆ ಬೇರೆ ಹಣವೇ ಎಂದು ಕೇಳುತ್ತೇನೆ. ಹತ್ತು ನಿಮಿಷದ ಕೆಲಸಕ್ಕೆ ಪ್ರತ್ಯೇಕ ದರ ಹೇಳುವವರನ್ನು ನಾನು ಕರೆಸುವುದಿಲ್ಲ.

ಊರಿಗೆ ಹೊರಡುವ ಹಿಂದಿನ ವಾರ ಅವ್ವ ಭದೋಹಿಯ ಕಂಬಳಿಯನ್ನು ತಾನೇ ನೋಡಿಕೊಳ್ಳುತ್ತೇನೆಂದು ಹಟ ಹಿಡಿದಳು. ತೊಳೆದು ಎರಡು ದಿನ ಆರಿಸಿದ ಕಂಬಳಿಯ ಪಕ್ಕ ನೆಲದ ಮೇಲೆ ಕುಳಿತು, ಅಂಗೈಯಿಂದ ಒಂದೇ ಕಡೆಗೆ, ನನ್ನ ತಲೆಗೆ ಎಣ್ಣೆ ಸವರುತ್ತಿದ್ದ ಅದೇ ವೇಗದಲ್ಲಿ, ಅಂಚಿನಿಂದ ಅಂಚಿಗೆ ಸವರುತ್ತಾ ಹೋದಳು. ಕೈಗೆ ಸಡಿಲವಾದ ಉಣ್ಣೆಯ ಹಿಂಜು ಬಂದಂತೆಲ್ಲ ಮಡಿಲಲ್ಲಿ ಕೂಡಿಟ್ಟುಕೊಂಡಿದ್ದಳು. ಕೊನೆಗೆ ಅದರಲ್ಲೊಂದಿಷ್ಟನ್ನು ಅಂಗೈಗಳ ನಡುವೆ ಇಟ್ಟು ಬತ್ತಿ ಹೊಸೆದು, ಬೆಳಕಿಗೆ ಹಿಡಿದು ನೋಡಿ, “ಹತ್ತಿ ಅಲ್ಲ ಇದು, ದೀಪಕ್ಕ ಹಚ್ಚಲಿಕ್ಕೆ ಬರೂದಿಲ್ಲ” ಎಂದು ಕಸದ ಡಬ್ಬಿಗೆ ಹಾಕಿದಳು.